ಬೈದವರ ಊರಿಗೆ ಕರೆಂಟಿಲ್ಲ

ಜೇವರ್ಗಿ
18 ಆಗಸ್ಟ್ 2025

ಪ್ರೀತಿಯ ಗುರುಶಾಂತಣ್ಣನಿಗೆ ನಿನ್ನ ತಂಗಿ ಮಾಡುವ ಶರಣಾರ್ಥಿ.

ಕಾಗದ ತಡವಾಯಿತು, ಸಿಟ್ಟಾಗಬೇಡ. ನೀನು ಫೋನ್ ಎತ್ತುವುದನ್ನೇ ಬಿಟ್ಟ ಮೇಲೆ ಬರೆಯದೆ ಗತಿಯೇನು? ಅತ್ತಿಗೆಯ ಮೊಣಕಾಲು ಹೇಗಿದೆ?

ನಮ್ಮವರು ನಿಮ್ಮೂರು ಇಜೇರಿಯ ಕರೆಂಟನ್ನು ಬೇಕಂತಲೇ ತೆಗೆದದ್ದು ನಿಜ. ವಿದ್ಯುತ್ ಸ್ಟೇಷನ್ನಿನಲ್ಲಿ ಮೂವರ ಕೆಲಸ ಇವರೊಬ್ಬರ ತಲೆಗೆ ಬಿದ್ದಿತ್ತು. ಎಲ್ಲಿ ತಂತಿ ಹರಿದರೂ ಬೈಗುಳ ಇವರಿಗೆ. ಮನೆಯಲ್ಲಿ ಊಟಕ್ಕೆ ಕರೆದರೂ "ಲೈನ್ ಫಾಲ್ಟ್ ಅದರಿ, ತಡಕೋರಿ" ಎನ್ನುತ್ತಿದ್ದರು. ಬರಬರುತ್ತ ಫೋನಿನಲ್ಲಿ ಯಾರಾದರೂ ಬೈದರೆ, "ಯಾವೂರ್ರಿ ನಿಮ್ದು?" ಎಂದು ಮರ್ಯಾದೆಯಿಂದ ಕೇಳಿ, ಆ ಊರಿನ ಸ್ವಿಚ್ ಇಳಿಸತೊಡಗಿದರು. ನಿನ್ನ ಮಗಳ ನಿಶ್ಚಿತಾರ್ಥದ ದಿನ ನಿಮ್ಮೂರಿನವನೊಬ್ಬ ಬೈದನಂತೆ. ಬೀಗರಿಗೆ ತಾಟಿನಿಂದ ಗಾಳಿ ಹಾಕಿ ನನ್ನ ರಟ್ಟೆ ಬಿದ್ದುಹೋಯಿತು.

ಹೋದ ವಾರ ನಿಮ್ಮೂರ ಹಿಟ್ಟಿನ ಗಿರಣಿಯ ಪ್ಯಾರಿಬಿ ಆಟೋದಲ್ಲಿ ಚೀಲ ಹೇರಿಕೊಂಡು ಸ್ಟೇಷನ್ನಿಗೇ ಬಂದಳು. ಬುತ್ತಿ ಕೊಡಲು ನಾನೂ ಅಲ್ಲೇ ಇದ್ದೆ. ಚೀಲವನ್ನು ಇವರ ಮೇಜಿನ ಮೇಲೆ ಸುರಿದೇಬಿಟ್ಟಳು.

"ಅರ್ಧಾ ಹಿಟ್ಟದ, ಅರ್ಧಾ ಜ್ವಾಳದ. ಇನ್ನ ನೀವೇ ರೊಟ್ಟಿ ಬಡೀರಿ ಸಾಹೇಬ್ರ!"

ಇವರು ಹಿಟ್ಟಿನ ಗುಡ್ಡೆಯನ್ನೊಮ್ಮೆ ನೋಡಿ, ಅದರ ಮೇಲೆ ತಲೆಯಿಟ್ಟರು. ಅಳುತ್ತಾರೇನೋ ಎಂದುಕೊಂಡೆ. ಗೊರಕೆ!

"ಯವ್ವಾ, ಇಂವ ಮಲಗಿ ಎಷ್ಟ್ ದಿನ ಆಗ್ಯದ?" ಎಂದಳು ಪ್ಯಾರಿಬಿ. ಅಷ್ಟರಲ್ಲಿ ಫೋನ್ ಬಡಿಯಿತು. ಅವಳೇ ಎತ್ತಿದಳು. ಅತ್ತಲಿಂದ ಬೈಗುಳ ಶುರುವಾಗಿತ್ತು.

"ಏ, ಮನಿಷಾ ಸಾಯಾಕತ್ತಾನ ಇಲ್ಲಿ! ನಿನ್ನ ಪಂಪ್ ಆಮ್ಯಾಗ ನೋಡ್ಕೋ!"

ಆಮೇಲೆ ಬಂದ ಫೋನುಗಳೆಲ್ಲ "ತಪ್ಪಾತ್ರಿ ಅಮ್ಮಾ" ಎಂದು ತಾವಾಗಿಯೇ ಇಟ್ಟವು.

ಮರುದಿನ ಪ್ಯಾರಿಬಿ ಊರ ಹೆಂಗಸರನ್ನು ಕಟ್ಟಿಕೊಂಡು ಹೋಗಿ, ಇನ್ನೊಬ್ಬ ಆಳು ಕೊಡಿರೆಂದು ದೊಡ್ಡ ಸಾಹೇಬರ ಮುಂದೆ ಕೂತಳು. ಇವರಿಗೆ ಮೆಮೊ ಬಂತು, ಬರಬೇಕಾದದ್ದೇ. ಆದರೆ ಇನ್ನೊಬ್ಬ ಆಪರೇಟರನೂ ಬಂದ. ಈಗ ಇವರು ನಿದ್ದೆ ಮಾಡುತ್ತಾರೆ, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಜಗಳವಾಡುತ್ತಾರೆ. ನನಗೆಷ್ಟು ಸಮಾಧಾನ! ಇಜೇರಿಗೆ ಹೋಗಿ ಪ್ಯಾರಿಬಿಗೆ ಕೈಮುಗಿದು ಬಂದರು. ನಿನ್ನ ಬಾಗಿಲತನಕವೂ ಬಂದಿದ್ದರಂತೆ. ಒಳಗೆ ಬರಲು ಧೈರ್ಯ ಸಾಲಲಿಲ್ಲ.

ಅತ್ತಿಗೆಗೆ ನಮಸ್ಕಾರ. ಮದುಮಗಳಾಗುವವಳಿಗೆ ಈ ಸೋದರತ್ತೆಯ ತುಂಬು ಹಾರೈಕೆ. ಅವಳ ಮನೆ ಯಾವತ್ತೂ ತಂಪಾಗಿರಲಿ.

ನಿನ್ನ ತಂಗಿ
ಭಾಗ್ಯಜ್ಯೋತಿ

ತಾ.ಕ.: ಪಂಚಮಿಗೆ ಕರೆದೊಯ್ಯಲು ನೀನು ಬರಲಿಲ್ಲ. ನನ್ನ ಮದುವೆಯಾದಾಗಿನಿಂದ ಒಮ್ಮೆಯೂ ತಪ್ಪಿಸಿದವನಲ್ಲ. ಬ್ಯಾಗು ತುಂಬಿಕೊಂಡು ಸಂಜೆಯವರೆಗೂ ಕಟ್ಟೆಯ ಮೇಲೆ ಕೂತಿದ್ದೆ. ಬ್ಯಾಗು ಯಾಕೆಂದು ಇವರು ಕೇಳಿದಾಗ, "ಹಳೀ ಸೀರಿ ಬಿಸಲಿಗಿ ಹಾಕಾಕತ್ತೇನ್ರಿ" ಎಂದೆ.