ಮಾವಾ, ಒಂದು ಸಾಲೂ ಬಿಡದೆ ಓದಿ

ಹೆಣ್ಣುಮಕ್ಕಳ ಹಾಸ್ಟೆಲ್,
ಶಿಕ್ಷಕರ ತರಬೇತಿ ಕಾಲೇಜು, ಕಿಸಿ
ಸೆಪ್ಟೆಂಬರ್ ೩, ಮಂಗಳವಾರ

ಅವ್ವಾ,

ನಾನು ಬದುಕಿದ್ದೀನಿ. ಮೂರು ವಾರದಿಂದ ಒಂದು ಮಾತೂ ಕಳಿಸಲಿಲ್ಲ, ತಪ್ಪಾಯ್ತು ಅಂತ ಬರೀಬೇಕು. ಬರೆಯೋಲ್ಲ. ಫೋನ್ ಮಾಡಿದ್ರೆ ನೀನು ಅಳ್ತೀಯ, ನಾನು ಕಿರುಚ್ತೀನಿ, ಅಲ್ಲಿಗೆ ಮುಗಿದು ಹೋಗುತ್ತೆ. ಕಾಗದ ಆದ್ರೆ ಕೊನೇ ತನಕ ಕೇಳಲೇಬೇಕು. ಕೆಮ್ಮು ಹೇಗಿದೆ? ಬಳಪದ ಕಲ್ಲು ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಕೋ ಅಂತ ಇನ್ನೆಷ್ಟು ಸಲ ಹೇಳಲಿ.

ಇದನ್ನ ನಿನಗೆ ಓದಿ ಹೇಳ್ತಿರೋದು ಮ್ವಾಲಿಮು ಮಾವನೇ ಅಂತ ಗೊತ್ತು. ನಮ್ಮ ಮನೇಲಿ ಕಾಗದ ಓದೋಕೆ ಬರೋದು ಮೇಷ್ಟ್ರಾದ ನಿನ್ನ ಅಣ್ಣ ಒಬ್ಬರಿಗೇ. ಮಾವಾ, ಕನ್ನಡಕ ಹಾಕ್ಕೊಳ್ಳಿ, ಜೋರಾಗಿ ಓದಿ. ನಡುವೆ ಕೆಮ್ಮಿ ಸಾಲು ಹಾರಿಸಬೇಡಿ. ಅವ್ವಾ, ನೀನು ದಿನಾ ಉಜ್ಜೋ ಕಲ್ಲಿನ ನೀರಾನೆ ಗೊಂಬೆ ಇದೆಯಲ್ಲ, ಒಂದೊಂದು ಪುಟದ ಕೆಳಗೂ ಅದರ ಚಿತ್ರ ಬರೆದಿದ್ದೀನಿ. ಒಟ್ಟು ನಾಲ್ಕು. ನಾಲ್ಕೂ ತೋರಿಸೋ ತನಕ ಅವರನ್ನ ಏಳೋಕೆ ಬಿಡಬೇಡ.

ಕಂಪ್ಯೂಟರ್ ಓದು ಅಂತ ನನಗೆ ಯಾರೂ ಹೇಳಲಿಲ್ಲ. ಬೇಡ ಅನ್ನೋಕೂ ನಮ್ಮಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಸರ್ಕಾರದ ಸೀಟಿನ ಪಟ್ಟಿಯಲ್ಲಿ ಅದೇ ಹೆಸರಿನ ಓದು ಹನ್ನೊಂದು ಕಾಲೇಜಿನಲ್ಲಿ ಇತ್ತು. ಯಾವುದು ನಿಜವಾದ್ದು, ಯಾವುದು ಬರೀ ಬೋರ್ಡು, ಯಾರನ್ನ ಕೇಳಲಿ? ಒಂಬಾಟಿ ಅಣ್ಣನ ಸೈಬರ್ ಅಂಗಡೀಲಿ ಕೂತು ಒಂದೊಂದು ಆಫೀಸಿಗೂ ಫೋನ್ ಹಚ್ಚಿದೆ. ‘ಒಂದು ಕಂಪ್ಯೂಟರಿಗೆ ಎಷ್ಟು ಜನ ಕೂರ್ತಾರೆ, ಮೇಡಂ?’ ಅಂತ ಕೇಳಿದೆ. ಒಬ್ಬಳು ನಕ್ಕಳು. ಇನ್ನೊಬ್ಬಳು ಫೋನ್ ಕುಕ್ಕಿದಳು. ಎಲ್ಡೊರೆಟ್ ಕಡೆಯ ಕಾಲೇಜೊಂದರಲ್ಲಿ ಯಾರೋ ಮುದುಕ ಎತ್ತಿದ. ‘ಇಬ್ಬಿಬ್ಬರು ಕೂರ್ತಾರೆ ತಾಯೀ. ಶನಿವಾರ ಬಂದ್ರೆ ಇಡೀ ದಿನ ನೀನೊಬ್ಬಳೇ. ಮೊದಲನೇ ವರ್ಷದ ಗಣಿತ ಹಿಂಡಿ ಹಿಪ್ಪೆ ಮಾಡುತ್ತೆ, ಹೆದರ್ತೀಯಾ?’ ಅಂದ. ‘ನೀವು ಹಿಂಡಿ, ನಾನು ನೋಡ್ಕೋತೀನಿ’ ಅಂದೆ. ಅವತ್ತೇ ಅದನ್ನ ಮೊದಲನೇ ಆಯ್ಕೆ ಅಂತ ಒತ್ತಿದೆ. ನನ್ನ ಜನ್ಮದಲ್ಲಿ ನಾನೇ ವಿಚಾರಿಸಿ, ನಾನೇ ತೂಗಿ ನೋಡಿ, ಆರಿಸಿಕೊಂಡಿದ್ದು ಅದೊಂದೇ.

ಆಮೇಲೆ ಮೆಸೇಜ್ ಬಂತು, ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿದೆ ಅಂತ. ಅಂಕ ಸಾಲಲಿಲ್ಲ ಅಂದ್ಕೊಂಡು ಮೂರು ದಿನ ಊಟ ಬಿಟ್ಟೆ. ಆಗ ಮಾವ ಬಂದು ಏನಂದ್ರು, ನೆನಪಿದೆಯಾ? ‘ದೇವರು ಮಾಡಿದ್ದೆಲ್ಲ ಒಳ್ಳೇದಕ್ಕೇ. ಕಂಪ್ಯೂಟರ್ ಅಂತೆ ಕಂಪ್ಯೂಟರ್! ಕರೆಂಟ್ ಹೋದ್ರೆ ಅದೂ ಒಂದು ಕಲ್ಲು. ಮೇಷ್ಟ್ರಿಗೆ ಕರೆಂಟ್ ಬೇಕಾ?’ ಅಂದ್ರು. ನೀನು ತಲೆ ಎತ್ತದೆ ಮುದ್ದೆ ತಿರುವುತ್ತಾ ಇದ್ದೆ.

ಹೋದ ಶನಿವಾರ ಒಂಬಾಟಿ ಅಣ್ಣ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ‘ಅಷ್ಟು ಫೋನ್ ಮಾಡಿ ಸಾಯಿಸಿದ್ದೆ ನನ್ನ, ಕೊನೇ ದಿನ ಮಾವ ಬಂದು ಆಯ್ಕೆ ಬದಲಾಯಿಸಿದ್ದು ನಿನಗೆ ಗೊತ್ತಿತ್ತಾ?’ ಅಂದ. ನನಗೆ ಗೊತ್ತೇ ಇರಲಿಲ್ಲ.

ದೇವರಂತೆ ದೇವರು! ದೇವರು ಸೈಬರ್ ಅಂಗಡೀಲಿ ಕುರ್ಚಿ ಎಳ್ಕೊಂಡು ಕೂತು, ಒಂದೇ ಬೆರಳಲ್ಲಿ ಕುಟ್ಟಿದನಾ, ಮಾವಾ? ಓದಿ, ನಿಲ್ಲಿಸಬೇಡಿ. ನಿಮಗೆ ಆ ತರಬೇತಿ ಸಿಗಲಿಲ್ಲ. ಇಪ್ಪತ್ತು ವರ್ಷ ತರಬೇತಿ ಇಲ್ಲದ ಮೇಷ್ಟ್ರಾಗಿ ಅರ್ಧ ಸಂಬಳಕ್ಕೆ ನರ್ಸರಿ ಮಕ್ಕಳ ಮೂಗು ಒರೆಸಿದಿರಿ, ಅದು ನನಗೂ ಸಂಕಟವೇ. ಅದಕ್ಕೆ ನಿಮಗೆ ಸಿಗದ ಸೀಟನ್ನ ನನ್ನ ಹೆಸರಲ್ಲಿ ತಗೊಳ್ಳೋದಾ? ಬೇರೆಯವರ ಮಕ್ಕಳಿಗೆ ‘ಕದಿಯಬೇಡ’ ಅಂತ ಪಾಠ ಹೇಳೋ ಬಾಯಿ ನಿಮ್ಮದು. ಇನ್ನು ಮೇಲೆ ನಿಮ್ಮ ಕಾಲಿಗೆ ಬೀಳೋಲ್ಲ, ನೀವು ಬಂದ್ರೆ ಚಹಾನೂ ಇಡೋಲ್ಲ.

ಅವ್ವಾ, ಈಗ ಕೆಲಸದ ಮಾತು. ಆ ಮುದುಕನಿಗೆ ಮತ್ತೆ ಫೋನ್ ಮಾಡಿದೆ. ‘ಗಣಿತದ ಹುಡುಗಿ ತಾನೇ?’ ಅಂದ! ವರ್ಗಾವಣೆಗೆ ಅಲ್ಲಿ ಜಾಗ ಇದೆಯಂತೆ. ಇಪ್ಪತ್ತನೇ ತಾರೀಕಿಗೆ ಬಾಗಿಲು ಮುಚ್ಚುತ್ತೆ. ಇಲ್ಲಿನವರು ನನ್ನ ಬಿಡಬೇಕಾದ್ರೆ ಜನನಪತ್ರದಲ್ಲಿ ಹೆಸರಿರೋ ತಾಯಿಯ ಒಪ್ಪಿಗೆ ಬೇಕು. ಮಾವನ ಸಹಿ ನಡೆಯೋಲ್ಲ, ನಿನ್ನ ಹೆಬ್ಬೆಟ್ಟೇ ಆಗಬೇಕು. ಬ್ಯಾಂಕಿನಲ್ಲಿ ಆದ ಫಜೀತಿ ಮರೆತಿಲ್ಲ ತಾನೇ? ಉಪ್ಪುಕಾಗದ ಹಿಡಿದು ಕಲ್ಲು ಉಜ್ಜಿ ಉಜ್ಜಿ ನಿನ್ನ ಬೆರಳಿನ ಗೆರೆಯೆಲ್ಲ ಸವೆದು, ಬರೀ ಮಸಿ ಮೆತ್ತಿತ್ತು. ‘ಇದೇನಮ್ಮಾ, ಬೆರಳೋ ಬೆಣಚುಕಲ್ಲೋ?’ ಅಂದಿದ್ದ ಆ ಗುಮಾಸ್ತ. ಒಂದು ವಾರ ಕಲ್ಲು ಮುಟ್ಟದೆ ಕೂತ ಮೇಲೆ ಗೆರೆ ಬಂದಿತ್ತು. ಆ ವಾರದ ಕೂಲಿ ಹೋಯ್ತು ಅಂತ ತಿಂಗಳೆಲ್ಲಾ ಗೊಣಗಿದ್ದೆ.

ದೇವರು ನಿನ್ನ ಎದೆಯೊಳಗಿನ ಧೂಳು ತೆಗೀಲಿ. ಮಾವನಿಗೂ ಒಳ್ಳೇದು ಮಾಡಲಿ. ಅದು ದೇವರ ಕೈಲಿ ಆದೀತು, ನನ್ನ ಕೈಲಿ ಆಗೋಲ್ಲ.

ನಿನ್ನ ಮಗಳು,
ನ್ಯಾಬೋಕೆ

ಮರೆತ ಮಾತು: ಮರೆತಿರಲಿಲ್ಲ. ಬರೆಯೋಕೆ ಧೈರ್ಯ ಬರಲಿಲ್ಲ.

ಮಾವಾ, ಮಡಚಿ ಜೇಬಿಗಿಡಬೇಡಿ. ನಾಲ್ಕನೇ ನೀರಾನೆ ಇನ್ನೂ ಕೆಳಗಿದೆ.

ಅವ್ವಾ, ಆಯ್ಕೆಯ ಪುಟ ತೆರೆಯೋಕೆ ನನ್ನ ಜನನಪತ್ರದ ನಂಬರು ಬೇಕು. ಆ ಪತ್ರ ಇರೋದು ನಿನ್ನ ತಗಡಿನ ಪೆಟ್ಟಿಗೇಲಿ. ಅದರ ಬೀಗದ ಕೈ ಇರೋದು ನಿನ್ನ ಕೊರಳಲ್ಲಿ. ಮಾವನ ಜೊತೆ ನಿನ್ನಂಥದೇ ಹಳದಿ ಬಟ್ಟೆ ಹೊದ್ದ ಹೆಂಗಸೂ ಬಂದಿದ್ದಳು, ಪತ್ರವನ್ನ ಎರಡೂ ಕೈಲಿ ಹಿಡ್ಕೊಂಡಿದ್ದಳು ಅಂತ ಒಂಬಾಟಿ ಅಣ್ಣ ಹೇಳಿದ. ‘ಹುಡುಗಿಗೆ ಗೊತ್ತಾ?’ ಅಂತ ಅವನು ಕೇಳಿದ್ದಕ್ಕೆ ನೀನು ಹೇಳಿದೆಯಂತೆ: ‘ಕಂಪ್ಯೂಟರ್ ಓದಿ ಬಂದ್ರೆ ನನ್ನ ಹತ್ರ ಮಾತಾಡೋಕೆ ಅವಳಿಗೆ ಏನುಳಿಯುತ್ತೆ? ಮೇಷ್ಟ್ರಾದ್ರೆ ಅವಳ ಕೆಲಸ ಏನು ಅಂತ ನನಗೂ ತಿಳಿಯುತ್ತೆ.’

ಮೂರು ಪುಟ ಮಾವನನ್ನ ಬೈದೆ. ಅವರನ್ನ ಬೈಯೋದು ಸುಲಭ. ನಿನ್ನ ಬೈಯೋಕೆ ಹೋದ್ರೆ ಪೆನ್ನು ನಿಂತುಹೋಗುತ್ತೆ. ಫೋನ್ ಮಾಡಿ ಬಂದ ದಿನ ಆ ಮುದುಕನ ಮಾತನ್ನ ಮೊದಲು ಹೇಳಿದ್ದು ಯಾರಿಗೆ, ಅವ್ವಾ? ನಿನಗೇ ಅಲ್ವಾ? ನೀನು ನಕ್ಕಿದ್ದೆ ಅಲ್ವಾ?

ಫಾರಂ ಈ ಕಾಗದದ ಜೊತೆಗಿದೆ. ಇವತ್ತಿನಿಂದ ಕಲ್ಲು ಉಜ್ಜೋದು ನಿಲ್ಲಿಸು. ಒಂದು ವಾರ ಕೈ ಕಟ್ಟಿ ಕೂತ್ಕೋ, ಆಮೇಲೆ ಒತ್ತು. ಹೆಬ್ಬೆಟ್ಟಿನ ಗೆರೆ ಮೂಡದೆ ಬಂದ್ರೆ ಆಫೀಸಿನವರು ‘ಪಾಪ, ಕಲ್ಲು ಉಜ್ಜೋ ಹೆಂಗಸು’ ಅಂದ್ಕೋತಾರೆ. ನಾನು ಅಂದ್ಕೊಳ್ಳೋಲ್ಲ.