ಅಂಬಿಗಿತ್ತಿಯ ಕಾರ್ಡು

ಸೆಪ್ಟೆಂಬರ್ 6, ಶನಿವಾರ. ಸಂಜೆ 7

ಇದನ್ನು ಬರೆಯದೇ ಬಿಡೋಣವೆಂದಿದ್ದೆ. ಇವತ್ತು ಅಂಗಡಿಯ ಕಾರ್ಡಾಟದ ಸ್ಪರ್ಧೆಯಲ್ಲಿ, ಮೂವತ್ತು ಜನರ ಮುಂದೆ, ಎದುರಾಳಿಗೆ ಕೈಯೊಡ್ಡಿ "ಒಂದು ಕಾರ್ಡ್ ಕೊಡಿ" ಎಂದೆ.

ಅವನು — ಗಡ್ಡ, ಇಸ್ತ್ರಿ ಮಾಡಿದ ಶರ್ಟು — ಕಣ್ಣು ಪಿಳಿಪಿಳಿ ಬಿಟ್ಟ. "ಯಾಕೆ ಮೇಡಂ?"

"ನನ್ನ ಕೈ ಖಾಲಿ ಆಯ್ತಲ್ಲ."

"ಖಾಲಿ ಆದ್ರೆ ನೀವು ಸೋತ್ರಿ."

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸ್ಪರ್ಧೆ ನಡೆಸುವ ಅಂಗಡಿಯಮ್ಮ ನಿಯಮಗಳ ಹಾಳೆ ತಂದು ತೋರಿಸಿದರು. ಐದನೆಯ ನಿಯಮ. ಕೈ ಬರಿದಾದರೆ ಆಟ ಮುಗಿಯಿತು. ಎರಡನೇ ಮಾತಿಲ್ಲ.

ಮೂರು ವರ್ಷ! ಮೂರು ವರ್ಷದಿಂದ ಪ್ರತಿ ಶನಿವಾರ ನಾದಿನಿಯೂ ನಾನೂ 'ಒಂಬತ್ತು ಹೊಳೆ' ಆಡುತ್ತಿರುವುದು ತಪ್ಪು ನಿಯಮದಲ್ಲಿ. ಕಾರ್ಡುಗಳ ಡಬ್ಬಿ ಅವಳದು, ಆಟ ಕಲಿಸಿದವಳೂ ಅವಳೇ. ನಿಯಮದ ಹಾಳೆ ಕಳೆದುಹೋಗಿದೆ ಎಂದಿದ್ದಳು. ಕೈ ಖಾಲಿಯಾದರೆ ಎದುರಾಳಿ ಒಂದು ಕಾರ್ಡು ಕೊಡಲೇಬೇಕು, ಯಾವುದು ಎಂಬುದು ಕೊಡುವವರ ಇಷ್ಟ ಎಂದಿದ್ದಳು. ಬೇರೆ ಕಡೆ ವಿಚಾರಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ.

ನಾಚಿಕೆಯಾಗಬೇಕಿತ್ತು. ಆಗಿದ್ದು ಬೇರೆ. ಹೊರಡುವಾಗ ಗಡ್ಡದವನು ಹಿಂದೆಯೇ ಬಂದ. "ಮೇಡಂ, ನಿಮ್ಮ ಆ ತಪ್ಪು ನಿಯಮದಲ್ಲಿ ಒಂದಾಟ ಆಡೋಣ್ವಾ?"

ಆಡಿದೆವು. ಒಂದಲ್ಲ, ನಾಲ್ಕು. ನಕ್ಕವರೇ ಕುರ್ಚಿ ಎಳೆದುಕೊಂಡು ಸುತ್ತ ಕೂತರು. ಯಾವ ಕಾರ್ಡು ಕೊಡುವುದೆಂದು ತೋಚದೆ ಅವನು ಬೆವರಿದ್ದು ನೋಡಬೇಕಿತ್ತು... ಕೆಲಸಕ್ಕೆ ಬಾರದ್ದೆಂದು ಕೊಟ್ಟ ಲಾಂದ್ರದ ಕಾರ್ಡಿನಿಂದಲೇ ಅವನ ಕೋಟೆ ಬಿತ್ತು!

ಅಂಗಡಿಯಮ್ಮ ಒಂದು ಫಾರಂ ಕೈಗಿಟ್ಟರು. ಆಟ ತಯಾರಿಸುವವರು ಹೊಸ ಕಾರ್ಡೊಂದಕ್ಕೆ ಆಟಗಾರರ ಕಲ್ಪನೆ ಕೇಳಿದ್ದಾರೆ. ಆಯ್ಕೆಯಾದದ್ದು ಅಚ್ಚಾಗುತ್ತದೆ. ಅಚ್ಚು! ತಿಂಗಳ ಕೊನೆಯೊಳಗೆ ತಲುಪಬೇಕು.

ಸೆ. 7, ಭಾನುವಾರ

ನಾದಿನಿಗೆ ಫೋನ್. ಶಾಲೆಯಲ್ಲಿ ಪಿ.ಟಿ. ಟೀಚರ್, ಮನೆಮಂದಿಗೆಲ್ಲ 'ಸೀಟಿ'. ಕೇರಂ ಆಡುವಾಗ ಅವರಣ್ಣನ ಮೊಣಕೈ ಗೆರೆ ದಾಟಿದರೂ ಊದುವವಳು. ನಡೆದದ್ದೆಲ್ಲ ಹೇಳಿದೆ. ಬಿದ್ದು ಬಿದ್ದು ನಗುತ್ತಾಳೆಂದುಕೊಂಡಿದ್ದೆ. "ಹೌದಾ ಅತ್ತಿಗೆ... ಹಾಲು ಉಕ್ತಾ ಇದೆ" ಎಂದು ಇಟ್ಟೇಬಿಟ್ಟಳು.

ಫಾರಂ ವಿಷಯ ಹೇಳಲು ಸಮಯ ಸಿಗಲಿಲ್ಲ. ಸಿಗಲಿಲ್ಲವೋ, ನಾನೇ ಹೇಳಲಿಲ್ಲವೋ?

ಸೆ. 10, ಬುಧವಾರ

ಎಕ್ಸ್‌ರೇ ರೂಮಿನಲ್ಲಿ ದಿನವಿಡೀ ತಲೆತುಂಬ ಆ ಹೊಸ ಕಾರ್ಡೇ. ಒಬ್ಬ ಅಜ್ಜನಿಗೆ "ಉಸಿರು ಹಿಡ್ಕೊಳ್ಳಿ" ಎಂದವಳು "ಬಿಡಿ" ಎನ್ನುವುದನ್ನೇ ಮರೆತೆ. "ಏನಮ್ಮಾ, ಇವತ್ತೇ ಕಳಿಸಿಬಿಡೋ ಅಂದಾಜಾ?" ಎಂದರು.

ಆದರೆ ಅಷ್ಟರಲ್ಲಿ ಹೊಳೆದಿತ್ತು. ಅಂಬಿಗಿತ್ತಿ! ಈ ಆಟ ಹುಟ್ಟಿದ ಕಾದಂಬರಿಗಳಲ್ಲಿ ಅವಳು ಬರುವುದು ಎರಡೇ ಪುಟ. ಬರಿಗೈಯಲ್ಲಿ ಬಂದವರನ್ನು ಹೊಳೆ ದಾಟಿಸುತ್ತಾಳೆ. ಅವಳದೊಂದು ಕಾರ್ಡು ಇದುವರೆಗೂ ಬಂದಿಲ್ಲ. ಅವಳು ಮೇಜಿನ ಮೇಲಿದ್ದರೆ, ಕೈ ಖಾಲಿಯಾದವರಿಗೆ ಎದುರಾಳಿ ಒಂದು ಕಾರ್ಡು ಕೊಡಲೇಬೇಕು! ಹನ್ನೆರಡನೇ ವಯಸ್ಸಿನಲ್ಲಿ, ಇಂಗ್ಲಿಷಿನಲ್ಲಿ ಓದಿದ ಪುಸ್ತಕ. ಆದರೂ ನನ್ನ ತಲೆಯೊಳಗೆ ಅವಳು ಮಾತಾಡಿದ್ದು ಕನ್ನಡದಲ್ಲೇ: "ಹತ್ತು ಮಗಳೇ, ಕೂಲಿ ಮಾತು ಆಮೇಲೆ."

ಮೇಜಿನ ಮೇಲೆ ಪೆನ್ಸಿಲು, ರಬ್ಬರು, ಹಾಳಾದ ಹದಿನಾಲ್ಕು ದೋಣಿಗಳು. ಗಂಡ ಇಣುಕಿ, "ಸೌತೆಕಾಯಿ ಚೆನ್ನಾಗಿದೆ" ಎಂದ.

ಸೆ. 12, ಶುಕ್ರವಾರ

ಫಾರಂ ತುಂಬಿದೆ. 'ಕಲ್ಪನೆ ಯಾರದು? ಒಬ್ಬರ ಹೆಸರು ಮಾತ್ರ.' ನನ್ನ ಹೆಸರು ಬರೆದೆ.

ಚಿತ್ರ ನನ್ನದು. ಅಂಬಿಗಿತ್ತಿಯನ್ನು ಹುಡುಕಿ ತೆಗೆದದ್ದು ನಾನು. ನಿಯಮ ಸೀಟಿಯದು. ಅದಿಲ್ಲದಿದ್ದರೆ ಇವಳು ದೋಣಿಯಲ್ಲಿ ಕೂತ ಒಬ್ಬ ಹೆಂಗಸು, ಅಷ್ಟೇ. ಗೊತ್ತಿದ್ದೂ ಬರೆದೆ. ಅಕ್ಷರ ಬೇರೆ ಎಷ್ಟು ದುಂಡಗೆ ಬಂದಿದೆ!

ಸೆ. 20, ಶನಿವಾರ. ಮಧ್ಯಾಹ್ನ

ಹೋದ ಶನಿವಾರ ಸೀಟಿ ಬರಲಿಲ್ಲ. ಶಾಲೆಯಲ್ಲಿ ಕೆಲಸವಂತೆ. ಅವಳಾಗಿ ತಪ್ಪಿಸಿದ್ದು ಮೂರು ವರ್ಷದಲ್ಲಿ ಮೊದಲ ಸಲ. ಫಾರಂ ವಿಷಯ ಅಂಗಡಿಯಿಂದ ಅವಳ ಕಿವಿಗೆ ಬಿದ್ದಿರಬೇಕು ಎಂದು ವಾರವಿಡೀ ಒದ್ದಾಡಿದೆ. ಇವತ್ತು ನಾನೇ ಅವಳ ಮನೆಗೆ ಹೋಗಿ ಫಾರಂ ಇದ್ದ ಲಕೋಟೆ ಮುಂದಿಟ್ಟೆ.

"ನಿಯಮ ನಿಂದು. ಹೆಸರು ನಂದು ಹಾಕಿದೀನಿ. ಬೈಯೋದಿದ್ರೆ ಬೈದುಬಿಡು."

ಬೈಯಲಿಲ್ಲ. ಅವಳಿಗೆ ಏನೂ ಗೊತ್ತೇ ಇರಲಿಲ್ಲ. ಎದ್ದು ಒಳಗೆ ಹೋಗಿ ಮಡಿಸಿದ ಹಾಳೆಯೊಂದನ್ನು ತಂದಳು. ನಿಯಮದ ಹಾಳೆ!

"ಕಳೆದೇ ಇರ್ಲಿಲ್ಲ ಅತ್ತಿಗೆ. ಮೊದಲನೇ ದಿನ ನಾನು ಕೈ ಖಾಲಿಯಾಗಿ ಸೋಲ್ತಾ ಇದ್ದೆ. ಅದೂ ಆಗ ತಾನೇ ಕಲಿತಿರೋ ನಿಮ್ಮ ಕೈಲಿ! ಬಾಯಿಗೆ ಬಂದಿದ್ದು ಹೇಳ್ದೆ."

"ಮೋಸ?"

"ಶುದ್ಧ ಮೋಸ."

"ಅಬ್ಬಾ! ಊರವರಿಗೆಲ್ಲ ಫೌಲ್ ಊದೋ ಬಾಯಲ್ಲಿ!"

"ಮುಂದಿನ ವಾರ ಹೇಳ್ಬಿಡೋಣ ಅಂತಲೇ ಬಂದೆ. ಅಷ್ಟರಲ್ಲಿ ನಿಮ್ಮ ಕೈ ಖಾಲಿ ಆಯ್ತು. ಹೇಳಿದ್ರೆ ಆಟ ಅಲ್ಲಿಗೇ ಮುಗೀತಿತ್ತು. ನಂಗಿನ್ನೂ ಎದ್ದು ಹೋಗೋಕೆ ಮನಸ್ಸಿರ್ಲಿಲ್ಲ."

ಆ ಹಾಳೆಯನ್ನು ಲಕೋಟೆಯ ಪಕ್ಕದಲ್ಲೇ ಇಟ್ಟೆ. ಆಮೇಲೆ ಮೊದಲು ನಕ್ಕಿದ್ದು ಯಾರೋ... ಕಳ್ಳಿಗೊಬ್ಬಳು ಕಳ್ಳಿ. ಪಕ್ಕೆ ಹಿಡಿದುಕೊಂಡು ನಕ್ಕೆವು.

"ನನ್ನ ಹೆಸರು ಮಾತ್ರ ಬೇಡ್ವೇ ಬೇಡ," ಎಂದಳು.

"ನೀನಿಲ್ದೆ ಕಳಿಸಲ್ಲ."

ಜಗಳ. ಆಮೇಲೆ ಏಳು ಆಟ. ಐದು ಅವಳು ಗೆದ್ದಳು, ಸೊಕ್ಕಿನವಳು.

ಸೆ. 21, ಭಾನುವಾರ

ಬೆಳಿಗ್ಗೆಯೇ ಅಂಗಡಿಗೆ ಹೋಗಿ ಹೊಸ ಫಾರಂ ತಂದೆ. "ಇಬ್ಬರ ಹೆಸರು ಬರೆದ್ರೆ ಓದ್ದೇನೇ ಪಕ್ಕಕ್ಕಿಡ್ತಾರೆ. ಆಮೇಲೆ ನನ್ನ ಕೇಳ್ಬೇಡಿ," ಎಂದರು ಅಂಗಡಿಯಮ್ಮ.

ಇಡಬಹುದು. ಅಂಬಿಗಿತ್ತಿ ಅಚ್ಚಾಗಲೇಬೇಕೆಂಬ ಆಸೆ ನನಗೆ ಬೆಟ್ಟದಷ್ಟಿದೆ, ಸುಳ್ಳೇಕೆ ಹೇಳಲಿ. ಆದರೂ ಆ ಒಂದೇ ಗೆರೆಯ ಮೇಲೆ ಬರೆದೆ: ಅತ್ತಿಗೆ-ನಾದಿನಿ. ಫೋನಿನಲ್ಲಿ ಓದಿ ಹೇಳಿದೆ. ಆ ಕಡೆಯಿಂದ ಕಿವಿ ಕಿತ್ತುಹೋಗುವಂತೆ ಸೀಟಿ ಊದಿದಳು. ಒಪ್ಪಿಗೆ ಎಂದೇ ತಿಳಿದೆ.

ನಾಳೆ ನನಗೆ ಡ್ಯೂಟಿ. ನಾಡಿದ್ದು ಮಧ್ಯಾಹ್ನ ಅವಳಿಗೆ ಬಿಡುವು. ಇಬ್ಬರೂ ಒಟ್ಟಿಗೇ ಹೋಗಿ ಅಂಚೆಗೆ ಹಾಕುವುದು. ಮಂಗಳವಾರ, ಸೆಪ್ಟೆಂಬರ್ 23 — ತಿಂಗಳ ಕೊನೆಗೆ ಇನ್ನೂ ವಾರವಿರುತ್ತದೆ, ಅಂಬಿಗಿತ್ತಿ ತಲುಪುತ್ತಾಳೆ.