ಯಂಗೋನಾ ತರಲು ಹೋದವನು

ಕಂದವು ದ್ವೀಪ
ಸೋಮವಾರ

ಹಿರಿಯರಾದ ಕ್ಯಾಪ್ಟನ್ ಇನೋಕೆ ಅವರಿಗೆ,

ನಾನು ನಿಮ್ಮ ಕೈಕೆಳಗೆ ಸೈನಿಕನಾಗಿದ್ದ ಮೆಸಾಕೆಯ ಸೋದರತ್ತೆಯ ಮಗ, ವೈಸಾಲೆ. ನಿಮಗೆ ನನ್ನ ನೆನಪಿರಲಾರದು. ನೀವು ನಿಮ್ಮ ಕುಲದ ಹಿರಿಯರೊಡನೆ ನನ್ನ ಸೋದರಮಾವನ ಮನೆಗೆ ಬಂದು ಕೆಳಬಾಗಿಲ ಬಳಿ ತಲೆತಗ್ಗಿಸಿ ಕುಳಿತ ದಿನ, ಮರದ ಬೋಗುಣಿಯಲ್ಲಿ ಯಂಗೋನಾ ಬೇರಿನ ಪುಡಿಯನ್ನು ನೀರಿಗೆ ಕಲಸುತ್ತಿದ್ದವನು ನಾನು. ಕಲಸುವವನತ್ತ ಯಾರೂ ನೋಡುವುದಿಲ್ಲ. ಹಾಗಾಗಿ ನಾನು ನಿಮ್ಮನ್ನು ಬೇಕಾದಷ್ಟು ನೋಡಿದೆ. ಚಿಪ್ಪಿನಲ್ಲಿ ಕೊಟ್ಟ ಯಂಗೋನಾವನ್ನು ನೀವು ಒಂದೇ ಗುಟುಕಿಗೆ ಮುಗಿಸಲಿಲ್ಲ, ನಡುವೆ ನಿಲ್ಲಿಸಿ ಉಸಿರೆಳೆದುಕೊಂಡಿರಿ. ನಮ್ಮಲ್ಲಿ ಯಾರೂ ಹಾಗೆ ಕುಡಿಯುವುದಿಲ್ಲ. ಯಾಕೆ ನಿಲ್ಲಿಸಿದರು ಎಂದು ಆಗಲೇ ನನಗೆ ಕುತೂಹಲವಾಗಿತ್ತು.

ಅಂದು ನಿಮ್ಮ ಪರವಾಗಿ ಮಾತನಾಡಿದ ಹಿರಿಯರು ಕ್ಷಮೆಯ ಕಾಣಿಕೆಯಾಗಿ ತಂದ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಆಗಿದ್ದ ತಪ್ಪನ್ನು ಬಿಡಿಸಿ ಹೇಳಿದರು. ಮಾವ ಹಲ್ಲನ್ನು ತೆಗೆದುಕೊಂಡರು. ಅಲ್ಲಿಗೆ ವಿಷಯವನ್ನು ಹೂತಂತಾಯಿತು. ಆಮೇಲೆ ಎರಡು ಮನೆಯವರೂ ಅದರ ಸೊಲ್ಲೆತ್ತುವಂತಿಲ್ಲ. ಮೆಸಾಕೆ ಎತ್ತಿಲ್ಲ. ನೀವೂ ಎತ್ತಿರಲಿಕ್ಕಿಲ್ಲ. ಈಗ ನಾನು ಎತ್ತುತ್ತಿದ್ದೇನೆ. ಅದಕ್ಕೆ ನನಗೆ ಹಕ್ಕಿದೆಯೇ ಎಂದು ಊರಿನಲ್ಲಿ ವಿಚಾರಿಸಿದ ಮೇಲೆಯೇ ಕಾಗದ ಹಿಡಿದದ್ದು.

ಮೆಸಾಕೆ ಈ ವರ್ಷ ಸೇನೆಯ ದಾಖಲೆ ಕಚೇರಿಗೆ ಒಂದು ಅರ್ಜಿ ಹಾಕಿದ. ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನೇ. ಅವನ ಸೇವಾ ದಾಖಲೆ 'ಅನುಮತಿಯಿಲ್ಲದೆ ಕಾವಲು ಠಾಣೆಯನ್ನು ಬಿಟ್ಟು ಹೋದ' ಎಂಬ ಸಾಲಿನೊಂದಿಗೆ ಮುಗಿಯುತ್ತದೆ. ಅದನ್ನು ತಿದ್ದಬೇಕು ಎಂದಷ್ಟೇ ಅವನ ಕೋರಿಕೆ. ಸಕ್ಕರೆ ಕಾಯಿಲೆಗೆ ಅವನ ಒಂದು ಕಾಲು ಹೋಗಿದೆ, ಇನ್ನೊಂದರ ಬಗ್ಗೆ ವೈದ್ಯರು ಗೊಣಗುತ್ತಿದ್ದಾರೆ. ಪಿಂಚಣಿಯ ಆಸೆ ಇರಬೇಕು ಎಂದುಕೊಂಡು ಕೇಳಿದೆ.

"ಪಿಂಚಣಿ ತಗೊಂಡು ಏನ್ ಮಾಡ್ಲಿ ಭಾವ, ಒಂಟಿ ಚಪ್ಪಲಿ ಕೊಳ್ಳೋಕಾ? ನೀನು ಬರಿ. ಜೀವಮಾನವೆಲ್ಲ ಮೇಷ್ಟ್ರಾಗಿದ್ದೆಯಲ್ಲ, ಇದೊಂದಾದ್ರೂ ಉಪಯೋಗಕ್ಕೆ ಬರ್ಲಿ" ಎಂದ.

ಕಚೇರಿಯಿಂದ ಮರ್ಯಾದೆಯ ಉತ್ತರವೇ ಬಂತು. ಆಗಿನ ಮೇಲಧಿಕಾರಿ ಒಂದು ಹೇಳಿಕೆ ಬರೆದುಕೊಟ್ಟರೆ ಪರಿಶೀಲಿಸುತ್ತೇವೆ ಎಂದಿತ್ತು. ಮೆಸಾಕೆ ಅಂಗಳದಲ್ಲಿ ಕುಳಿತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದ. ಓದಿ ಹೇಳಿದೆ.

"ಹಾಗಾದ್ರೆ ಬಿಟ್ಹಾಕು."

"ಕ್ಯಾಪ್ಟನ್ ಇನ್ನೂ ಸುವಾದಲ್ಲೇ ಇದ್ದಾರಂತೆ. ಒಂದು ಫೋನ್ ಮಾಡಿದ್ರೆ ಆಯ್ತು."

"ಹೂತಿದ್ದನ್ನ ಕೆದಕೋಕೆ ನಾನೇನು ನಿಮ್ಮೂರ ನಾಯೀನಾ?"

"ಮತ್ತೆ ಅರ್ಜಿ ಯಾಕೋ ಹಾಕಿಸ್ದೆ? ಅದೂ ಕೆದಕಿದ ಹಾಗೇ ಅಲ್ವಾ?"

"ಅಪ್ಪ ಹಲ್ಲು ತಗೊಂಡಾಗ ಆ ಕಚೇರಿ ಕಾಗದ ಬಂದು ನಮ್ಮ ಚಾಪೆ ಮೇಲೆ ಕೂತಿತ್ತಾ? ಅದರ ಬಾಯಿ ಕಟ್ಟಿಲ್ಲ ಭಾವ. ನಾನು ಹೇಳಬಾರದ್ದನ್ನ ಅದು ಹೇಳ್ಲಿ ಅಂತ."

"ಯಾರಿಗೆ ಹೇಳ್ಬೇಕು?"

ಅವನು ಕೊಲ್ಲಿಯ ಆಚೆ ದಡ ನೋಡಿದ. ಅಲ್ಲಿ ಮೆರೆಸಿಯಾನಾ ಇದ್ದಾಳೆ, ನಿಮ್ಮ ಠಾಣೆಯಲ್ಲಿ ಸತ್ತ ಫಿಲಿಮೊನಿಯ ತಾಯಿ. ನೀವು ಬಂದುಹೋದ ಕೆಲವು ತಿಂಗಳ ಮೇಲೆ, ಒಂದು ಮದುವೆಯ ಊಟದಲ್ಲಿ, ಎಲ್ಲರೆದುರು ಅವಳು ಮೆಸಾಕೆಯನ್ನು ಕೇಳಿದ್ದಳು: "ನನ್ನ ಮಗನ ಪಕ್ಕದಿಂದ ಎದ್ದು ಎಲ್ಲಿಗೋ ಹೋಗಿದ್ದೆ ನೀನು?" ಅವನು ತಲೆ ತಗ್ಗಿಸಿದ. ಉತ್ತರ ಹೇಳಬೇಕಾದರೆ ನಿಮ್ಮ ಹೆಸರು ಹೇಳಬೇಕಿತ್ತು, ನಿಮ್ಮ ಹೆಸರನ್ನು ಹೂತಾಗಿತ್ತು. ಅಂದಿನಿಂದ ಅವಳು ಅವನಿಗೆ ಬೆನ್ನು ಮಾಡಿ ಕೂರುತ್ತಾಳೆ. ಚರ್ಚಿನಲ್ಲೂ ಅಷ್ಟೆ, ಸಾವಿನ ಮನೆಯಲ್ಲೂ ಅಷ್ಟೆ. ನಾನು ಅವಳ ಜಾಗದಲ್ಲಿದ್ದರೂ ಹಾಗೇ ಕೂರುತ್ತಿದ್ದೆನೇನೋ.

ಬೋಗುಣಿಯ ಹಿಂದೆ ಕುಳಿತು ನಾನು ಕೇಳಿದ್ದನ್ನು ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ. ಶಾಂತಿಪಾಲನೆಗೆ ಹೋಗಿದ್ದಾಗ ಲೆಬನಾನಿನ ಗುಡ್ಡದ ಮೇಲೆ ನಿಮ್ಮ ಠಾಣೆ; ಅಂದು ಅಲ್ಲಿದ್ದವರು ನೀವು, ಮೆಸಾಕೆ, ಫಿಲಿಮೊನಿ ಮೂವರೇ. ಊರಿನಲ್ಲಿ ಫಿಲಿಮೊನಿಯ ತಂದೆ ತೀರಿಕೊಂಡರೆಂದು ನಿಮಗೆ ವೈರ್‌ಲೆಸ್‌ನಲ್ಲಿ ಸುದ್ದಿ ಬಂತು. ಅಂಥ ಸುದ್ದಿಯನ್ನು ಬರಿಗೈಯಲ್ಲಿ ಹೇಳುವುದು ಹೇಗೆ? ಚಾಪೆ ಹಾಸಿ, ಯಂಗೋನಾ ಕಲಸಿ, ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಹೇಳಬೇಕು. ಠಾಣೆಯಲ್ಲಿ ಒಂದು ಚಿಟಿಕೆ ಪುಡಿಯೂ ಉಳಿದಿರಲಿಲ್ಲ. ಪಕ್ಕದ ಠಾಣೆಗೆ ಊರಿನಿಂದ ಪೊಟ್ಟಣ ಬಂದಿದೆ ಎಂದು ತಿಳಿದು ಮೆಸಾಕೆಯನ್ನು ಕಳಿಸಿದಿರಿ. ಯಾಕೆಂದು ಅವನ ಕಿವಿಯಲ್ಲಿ ಹೇಳಿದಿರಿ. ಅವನು ಪೊಟ್ಟಣ ಹಿಡಿದು ವಾಪಸಾಗುವಷ್ಟರಲ್ಲಿ ಠಾಣೆಯ ಮೇಲೆ ಫಿರಂಗಿಯ ಷೆಲ್ ಬಿದ್ದು ಫಿಲಿಮೊನಿ ಸತ್ತಿದ್ದ. ವಿಚಾರಣೆಗೆ ಬಂದ ಪರದೇಶದ ಅಧಿಕಾರಿಗಳು ಕೇಳಿದಾಗ ನೀವು 'ನಾನು ಯಾರನ್ನೂ ಎಲ್ಲಿಗೂ ಕಳಿಸಿರಲಿಲ್ಲ' ಎಂದಿರಿ.

ನೀವು ಹಾಗೆ ಹೇಳಿದ್ದು ನನಗೆ ಅರ್ಥವಾಗುತ್ತದೆ. ಬೇರಿನ ಪುಡಿ ತರಲು ಕಾವಲಿನವನನ್ನು ಕಳಿಸಿದೆ ಎಂದರೆ ಆ ಜನ ಏನೆಂದುಕೊಳ್ಳುತ್ತಿದ್ದರು? ನೀವು ಮಾಡಿದ್ದು ಕಕ್ಕುಲಾತಿಯ ಕೆಲಸ, ಅದನ್ನು ಬರೆದುಕೊಳ್ಳಲು ಅವರ ಭಾಷೆಯಲ್ಲಿ ಜಾಗವಿರಲಿಲ್ಲ. ನನಗೆ ಅರ್ಥವಾಗದೆ ಉಳಿದದ್ದು ಬೇರೆ. ಕ್ಷಮೆ ಕೇಳಲು ಬಂದ ಆ ಅಪರಾಹ್ನ ಹಡಗಿನಿಂದಿಳಿದು ನೀವು ಬದುಕಿರುವವನ ಮನೆಗೆ ಬಂದಿರಿ. ಸತ್ತವನ ಮನೆ ಕೊಲ್ಲಿಯಾಚೆಗೆ ಕಾಣುತ್ತಿತ್ತು, ದೋಣಿಯೂ ಇತ್ತು. ಅಲ್ಲಿಗೆ ಯಾಕೆ ಹೋಗಲಿಲ್ಲ? ಇದನ್ನು ಆಪಾದನೆಯಾಗಿ ಕೇಳುತ್ತಿಲ್ಲ. ಹಾದಿಯಲ್ಲಿ ನಡೆಯುವಾಗ, ಬಲೆ ತೊಳೆಯುವಾಗ, ಪಾಠ ಮಾಡುತ್ತಿದ್ದ ದಿನಗಳಲ್ಲಿ ಕಪ್ಪುಹಲಗೆಗೆ ತಿರುಗಿದಾಗ ಕೂಡ ಈ ಪ್ರಶ್ನೆ ನನ್ನ ಜೊತೆಗಿತ್ತು. ಒಂದೇ ತಪ್ಪಿಗೆ ಎರಡು ಮನೆಗಳಿದ್ದವು ಎಂದು ನಿಮಗೆ ತೋಚಲಿಲ್ಲವೇ? ತೋಚಿತೆಂದೇ ಅಂದು ಕುಡಿಯುವುದನ್ನು ನಡುವೆ ನಿಲ್ಲಿಸಿದಿರೇ?

ಹೋದ ವಾರ ನಮ್ಮ ಮುಖ್ಯಸ್ಥರ ಪರವಾಗಿ ಮಾತನಾಡುವ ಎರೋನಿ ತಾತನ ಬಳಿ ಹೋದೆ. ಊರಿನ ಕಟ್ಟಳೆಗಳಲ್ಲಿ ಅವನ ಮಾತೇ ಕೊನೆ. ಎಲ್ಲವನ್ನೂ ಕೇಳಿ, ಕಣ್ಣು ಮುಚ್ಚಿದ. ನಿದ್ದೆ ಹೋದನೆಂದುಕೊಂಡೆ.

"ಹೂತಿದ್ದು ಯಾರ ನಡುವೆ?" ಎಂದ.

"ಮೆಸಾಕೆ ಮನೆಗೂ ಅವರ ಮನೆಗೂ, ತಾತ."

"ನೀನು ಯಾವ ಮನೆಯವನು?"

"ನಮ್ಮಪ್ಪನ ಮನೆಯವನು."

"ಅಲ್ವಾ? ಅಲ್ಲಿ ನೀನು ಬರೀ ಕಲಸೋನು. ನಿನ್ನ ಬಾಯಿಗೆ ಯಾರು ಬೀಗ ಹಾಕಿದ್ರು? ಆ ಮೆರೆಸಿಯಾನಾ ಮನೇಲಿ ಯಾರು ಏನು ಹೂತ್ರು? ಏನೂ ಇಲ್ಲ. ಅಲ್ಲಿ ಹೆಣ ಇನ್ನೂ ಮೇಲೇ ಇದೆ. ಇಷ್ಟು ವರ್ಷ ಬೇಕಾಯ್ತಾ ಮೇಷ್ಟ್ರೇ ನಿಮಗೆ, ಇದು ಕೇಳೋಕೆ?"

ಅಲ್ಲಿಂದ ನೇರವಾಗಿ ಮೆಸಾಕೆಯ ಮನೆಗೆ ಹೋದೆ. ಸೋದರಮಾವನ ಮನೆಯಲ್ಲಿ ಅಳಿಯ ಏನನ್ನು ಬೇಕಾದರೂ ಕೇಳದೆ ತೆಗೆದುಕೊಳ್ಳಬಹುದು ಎನ್ನುವ ಹಕ್ಕು ನಮ್ಮ ದ್ವೀಪದಲ್ಲಿ ಇನ್ನೂ ಸತ್ತಿಲ್ಲ. ಹಿಂದೆ ಅದರ ಬಲದಿಂದ ಒಂದು ಹಂದಿ, ಒಂದು ರೇಡಿಯೊ ತೆಗೆದುಕೊಂಡಿದ್ದೇನೆ. ಈ ಸಲ ಪೆಟ್ಟಿಗೆಯಿಂದ ನೀವು ಕೊಟ್ಟ ಹಲ್ಲನ್ನು ತೆಗೆದೆ. ತೆಂಗಿನ ನಾರಿನ ಹುರಿ ಹೊಸದಾಗಿಯೇ ಇತ್ತು. ಮೆಸಾಕೆ ಹಾಸಿಗೆಯಲ್ಲಿ ಒರಗಿ ನೋಡುತ್ತಿದ್ದ.

"ಕಳ್ಳ ನನ್ಮಗನೇ, ಹಗಲು ಹೊತ್ತಲ್ಲೇ!" ಎಂದ. ಆಮೇಲೆ, "ಎಲ್ಲಿಗೆ ಒಯ್ತಿದ್ದೀಯ ಅಂತ ನಾನು ಕೇಳಲ್ಲ. ನೀನೂ ಹೇಳ್ಬೇಡ. ಬಾಗಿಲು ಎಳ್ಕೊಂಡು ಹೋಗು, ಕೋಳಿ ನುಗ್ತವೆ."

ಕ್ಯಾಪ್ಟನ್ ಅವರೇ, ಈ ಪತ್ರ ಈ ವಾರದ ಹಡಗಿನಲ್ಲಿ ಬರುತ್ತದೆ. ಮುಂದಿನ ವಾರದ ಹಡಗಿನಲ್ಲಿ ಎರೋನಿ ತಾತನೂ ನಾನೂ ಬರುತ್ತೇವೆ. ಹಲ್ಲನ್ನು ಹಿಂದಿರುಗಿಸಲು ಅಲ್ಲ, ಅದನ್ನು ಮುಂದಿಟ್ಟು ಒಂದನ್ನು ಬೇಡಲು. ನೀವು ಮೆರೆಸಿಯಾನಾಳ ಮನೆಗೆ ಹೋಗಬೇಕು. ಅಲ್ಲಿ ಆಡಿದ ಮಾತನ್ನು ಆಮೇಲೆ ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಕಚೇರಿಗೆ ಅಷ್ಟೇ ಸಾಕು. ಮೆಸಾಕೆಯ ಅರ್ಜಿಯನ್ನು ನಾನು ಹಿಂತೆಗೆದುಕೊಂಡಿಲ್ಲ. ಹಲ್ಲನ್ನು ಕೈಗೆ ತೆಗೆದುಕೊಂಡರೆ ಬೇಡಿದ್ದನ್ನು ನಡೆಸಿಕೊಡಲೇಬೇಕು ಎಂಬುದು ನಿಮಗೆ ಗೊತ್ತು. ಮುಟ್ಟದೆ ಇರುವುದೂ ನಿಮ್ಮ ಹಕ್ಕೇ. ಯೋಚಿಸಲು ಸಮಯವಿರಲಿ ಎಂದೇ ಮೊದಲು ಬರೆಯುತ್ತಿದ್ದೇನೆ.

ನಿನ್ನೆ ಆರಾಧನೆ ಮುಗಿದ ಮೇಲೆ ಮೆರೆಸಿಯಾನಾಳನ್ನು ಕಂಡುಬಂದೆ. ನಾನು ಏನನ್ನೂ ಹೇಳಲಿಲ್ಲ, ಅದು ನಿಮ್ಮ ಮಾತು. ಆ ಕಾಲದ ಅಧಿಕಾರಿಯೊಬ್ಬರು ಸಿಕ್ಕರೆ ಏನು ಕೇಳುತ್ತೀ ಎಂದೆ, ಅಷ್ಟೆ. ಅವಳು ಚಾಪೆ ನೇಯುತ್ತಿದ್ದಳು. ಕಣ್ಣು ಪೂರ್ತಿ ಮಂಜಾಗಿದ್ದರೂ ಬೆರಳುಗಳಿಗೆ ಎಳೆ ತಿಳಿಯುತ್ತದೆ. ಮೆಸಾಕೆಯ ಹೆಸರು ತೆಗೆಯುತ್ತಾಳೆ ಎಂದುಕೊಂಡಿದ್ದೆ. ತೆಗೆಯಲಿಲ್ಲ.

"ಅವರಪ್ಪ ಹೋದ ಸುದ್ದಿ ಅವನಿಗೆ ಗೊತ್ತಿತ್ತೇನಪ್ಪಾ? ಯಾರಾದ್ರೂ ಹೇಳಿದ್ರಾ? ಗೊತ್ತಿಲ್ದೇ ಹೋಗಿದ್ರೆ, ಅಲ್ಲಿ ಮೇಲೆ ಹೋಗಿ ಅಪ್ಪನ್ನ ನೋಡಿ ಎಷ್ಟು ಗಾಬರಿ ಬಿದ್ದಿರ್ತಾನೋ ಮಗು" ಎಂದಳು.

ದೋಣಿಯಲ್ಲಿ ವಾಪಸಾಗುವಾಗ ನನಗೆ ಹೊಳೆಯಿತು. ಫಿಲಿಮೊನಿ ತಿಳಿಯದೆಯೇ ಸತ್ತ ಎಂದು ಮೆಸಾಕೆ ಇಷ್ಟು ವರ್ಷ ನಂಬಿದ್ದಾನೆ, ನಾನೂ ನಂಬಿದ್ದೆ. ಆದರೆ ಮೆಸಾಕೆ ಗುಡ್ಡ ಇಳಿದ ಮೇಲೆ ಠಾಣೆಯಲ್ಲಿ ಉಳಿದವರು ನೀವಿಬ್ಬರೇ. ಹುಡುಗ ನಿಮ್ಮ ಮುಖ ನೋಡಿ ಏನಾದರೂ ಕೇಳಿದನೇ? ನೀವು ಯಂಗೋನಾ ಬರುವವರೆಗೆ ಕಾದಿರೇ, ಅಥವಾ ಕಾಯಲಾರದೆ ಬರಿಗೈಯಲ್ಲೇ ಹೇಳಿಬಿಟ್ಟಿರೇ? ಎರಡರಲ್ಲಿ ಯಾವುದಾದರೂ ಸರಿ. ಬಂದು ಅವಳಿಗೆ ಹೇಳಿ.

ಕಡಲು ನಿಮ್ಮ ಪಯಣಕ್ಕೆ ತಣ್ಣಗಿರಲಿ. ಅವಳ ಚಾಪೆಯ ಮೇಲೆ ಕಾಲು ಮಡಚಿ ಕೂರುವಷ್ಟು ಶಕ್ತಿಯನ್ನು ದೇವರು ನಿಮ್ಮ ಮೊಣಕಾಲುಗಳಿಗೆ ಕೊಡಲಿ.

ನಿಮ್ಮ ಬಾಗಿಲಿಗೆ ಬರಲಿರುವ,
ವೈಸಾಲೆ